ಗಿನಿಪಿಗ್‌ಗೆ ಏನು ಹಾಕೋದು, ಏನು ಹಾಸೋದು

ಈ ಸಲ ಹಿಪ್ಪುನೇರಳೆ, ರಾಗಿ, ತೆಂಗು ಯಾವುದೂ ಅಲ್ಲ. ಗಿನಿಪಿಗ್ ಬಗ್ಗೆ ಬರೀತಿದ್ದೀನಿ. ನಗಬೇಡಿ. ನಮ್ಮೂರು, ಅಕ್ಕಪಕ್ಕದ ಊರು ಸೇರಿ ನನಗೆ ಗೊತ್ತಿರೋ ಹಾಗೆ ನಾಲ್ಕು ಮನೇಲಿ ಈಗ ಈ ಪ್ರಾಣಿ ಇದೆ. ನಾಲ್ಕು ಕಡೇನೂ ಕಥೆ ಒಂದೇ. ಬೆಂಗಳೂರಲ್ಲಿರೋ ಮಕ್ಕಳು ಹಠ ಮಾಡಿ ಅಂಗಡಿಯಿಂದ ತರಿಸ್ಕೋತಾರೆ, ಬಾಡಿಗೆ ಮನೆ ಓನರ್ ಬೇಡ ಅಂತಾರೆ, ಕೊನೆಗೆ ಅಜ್ಜಿ ತಾತನ ಮನೆಗೆ ಬಂದು ಸೇರುತ್ತೆ. ನಮ್ಮ ಮನೆಗೂ ಹಾಗೇ ಎರಡು ಬಂದವು. ಮೊಮ್ಮಗಳು ಬಿಟ್ಟು ಹೋಗುವಾಗ "ತಾತ, ದಿನಾ ಫೋನಲ್ಲಿ ತೋರಿಸ್ಬೇಕು" ಅಂತ ಮಾತು ತಗೊಂಡೇ ಕಾರು ಹತ್ತಿದ್ದು.

ಹೆಸರು ಗಿನಿಪಿಗ್ ಅಂತಿದ್ರೂ ಇದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕಾದ ಆಂಡಿಸ್ ಬೆಟ್ಟದ ಕಡೇದು. ಪೆರು, ಬೊಲಿವಿಯಾದ ರೈತರು ಸಾವಿರಾರು ವರ್ಷದಿಂದ ಇದನ್ನ ಮಾಂಸಕ್ಕೆ ಸಾಕ್ತಿದ್ದಾರೆ, ಅಲ್ಲಿ ಇದಕ್ಕೆ ಕುಯ್ ಅಂತ ಹೆಸರು. ಅಡುಗೆಮನೆ ಮೂಲೇಲಿ ಬಿಟ್ಕೊಂಡು, ಹುಲ್ಲು, ಸೊಪ್ಪು, ತರಕಾರಿ ಸಿಪ್ಪೆ ಹಾಕಿ ಸಾಕೋದು. ಅಂದ್ರೆ ಇದು ಮೂಲದಲ್ಲಿ ರೈತರ ಮನೆ ಪ್ರಾಣಿ. ಪೇಟೆ ಅಂಗಡಿಗೆ ಬಂದ ಮೇಲೆ ಬಣ್ಣದ ಪ್ಯಾಕೆಟ್ ತಿನ್ನೋ ಹಾಗಾಯ್ತು.

ನಮ್ಮ ಮನೆಗೆ ಬಂದ ಎರಡರಲ್ಲಿ ಬಿಳೀದು ಸುಸ್ತಾಗಿತ್ತು. ಹಿಂಗಾಲು ಬಿಗಿ, ಮುಟ್ಟಿದ್ರೆ ಕಿರ್ ಅಂತ ಕೂಗೋದು, ಊಟಕ್ಕೆ ಓಡಿ ಬರ್ತಿರಲಿಲ್ಲ. ಏನು ಹಾಕ್ತಿದ್ರಿ ಅಂತ ಮಗಳನ್ನ ಕೇಳಿದೆ. ಮಾರಿದ ಅಂಗಡಿಯವನು ಮೊಲದ ಫೀಡು, ಮುಸುಕಿನ ಜೋಳದ ಕಾಳು, ಸೂರ್ಯಕಾಂತಿ ಬೀಜ ಕೊಟ್ಟು "ಇಷ್ಟು ಸಾಕು" ಅಂದಿದ್ನಂತೆ. ಮೂರು ತಿಂಗಳು ಅದೇ ಊಟ. ಹಸಿರು ಅಂದ್ರೆ ಅಪರೂಪಕ್ಕೆ ಸೌತೆಕಾಯಿ ಒಂದು ಚೂರು.

ನಮ್ಮ ಬೀದಿಯವರೊಬ್ಬರು ದನ ಕುರಿಗೆ ತಾವೇ ಸೂಜಿ ಹಾಕ್ತಾರೆ, ಕೈಗುಣ ಚೆನ್ನಾಗಿದೆ. ಅವರು ನೋಡಿ, "ನಂಜಾಗೈತೆ ಕಣಣ್ಣ, ಪೆನ್ಸಿಲಿನ್ ಐತೆ ಮನೇಲಿ, ಕುರಿಮರಿಗೆ ಹಾಕೋದ್ರಲ್ಲಿ ಕಾಲು ಭಾಗ ಹಾಕಿಬಿಡೋಣ" ಅಂದ್ರು. ಒಂದು ಸಲ ಕೇಳಿಬಿಡ್ತೀನಿ ಇರಪ್ಪ ಅಂತ ಅವರನ್ನ ಕೂರಿಸಿ ನಮ್ಮ ದನದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಎರಡೇ ಮಾತು. ಪೆನ್ಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಔಷಧಿ ಇದಕ್ಕೆ ವಿಷ, ಹೊಟ್ಟೆಯೊಳಗೆ ಹುಲ್ಲು ಕರಗಿಸೋ ಒಳ್ಳೇ ಸೂಕ್ಷ್ಮಾಣು ಸತ್ತು ಕೆಟ್ಟದ್ದು ಬೆಳೆದು ಪ್ರಾಣಿ ಹೋಗಿಬಿಡುತ್ತೆ, ಮುಟ್ಟಬೇಡಿ. ಎರಡನೇದು, ಬೆಂಗಳೂರಿಗೆ ಹೋಗಿ ಸಣ್ಣ ಪ್ರಾಣಿ ನೋಡೋ ಡಾಕ್ಟರಿಗೆ ತೋರಿಸಿ. ಈ ಬರಹದಲ್ಲಿ ಬೇರೆ ಯಾವುದು ಮರೆತರೂ ಆ ಪೆನ್ಸಿಲಿನ್ ಮಾತು ಮರೀಬೇಡಿ. ನಮ್ಮ ಎಲ್ಲರ ಕೊಟ್ಟಿಗೆ ಗೂಡಲ್ಲೂ ಆ ಬಾಟಲಿ ಇದ್ದೇ ಇರುತ್ತೆ.

ಬೆಂಗಳೂರಿನ ಡಾಕ್ಟರಮ್ಮ ನೋಡಿ, ವಿಟಮಿನ್ ಸಿ ಕೊರತೆ ಅಂದ್ರು. ದನ, ಕುರಿ, ಮೊಲ ಎಲ್ಲವೂ ವಿಟಮಿನ್ ಸಿ ತಮ್ಮ ಮೈಯಲ್ಲೇ ಮಾಡ್ಕೋತವೆ. ಮನುಷ್ಯನಿಗೂ ಗಿನಿಪಿಗ್‌ಗೂ ಆ ಶಕ್ತಿ ಇಲ್ಲ, ತಿಂದದ್ದರಲ್ಲೇ ಸಿಗಬೇಕು. ಸಿಗದಿದ್ರೆ ಎರಡು ಮೂರು ವಾರದಲ್ಲೇ ಕೀಲು ನೋವು, ವಸಡಲ್ಲಿ ರಕ್ತ, ಕೂದಲು ಒರಟು. ಮೊಲದ ಫೀಡಲ್ಲಿ ಅದು ಇರಲ್ಲ, ಮೊಲಕ್ಕೆ ಬೇಕಾಗೇ ಇಲ್ವಲ್ಲ. ಡಾಕ್ಟರಮ್ಮ ಕೊಟ್ಟ ಹನಿ ಔಷಧಿ ಜೊತೆಗೆ ಊಟ ಬದಲಿಸಿದ್ವಿ. ಹತ್ತು ಹನ್ನೆರಡು ದಿನಕ್ಕೆ ಬಿಳೀದು ತಟ್ಟೆ ಸದ್ದಿಗೆ ವೀಕ್ ವೀಕ್ ಅಂತ ಓಡಿ ಬಂತು. ಮೊಮ್ಮಗಳು ಫೋನಲ್ಲಿ ನೋಡಿ ಕುಣಿದಿದ್ದೇ ಕುಣಿದಿದ್ದು.

ಈಗ ಊಟದ ವಿಚಾರ. ಮುಕ್ಕಾಲು ಪಾಲು ಊಟ ಒಣಹುಲ್ಲು. ಹಗಲೂ ರಾತ್ರಿ ಮುಂದೆ ಇರಬೇಕು, ಖಾಲಿ ಆಗಬಾರದು. ಇದರ ಬಾಯಲ್ಲಿ 20 ಹಲ್ಲು, ಇಪ್ಪತ್ತೂ ಸಾಯೋತನಕ ಬೆಳೀತಾನೇ ಇರ್ತವೆ. ನಾರಿನ ಹುಲ್ಲು ಅರೆದು ಅರೆದು ಸವೆಯಬೇಕು. ಕಾಳು, ಫೀಡು ತಿಂದ್ರೆ ಸವೆಯಲ್ಲ, ದವಡೆ ಹಲ್ಲು ಬೆಳೆದು ನಾಲಿಗೆಗೆ ಅಡ್ಡ ಬರುತ್ತೆ, ಆಮೇಲೆ ತಿನ್ನಬೇಕು ಅಂದ್ರೂ ತಿನ್ನಕ್ಕಾಗಲ್ಲ. ಒಂದು ದಿನ ಪೂರ್ತಿ ತಿನ್ನದೆ ಬಿಟ್ರೆ ಕರುಳು ನಿಂತು ಹೋಗುತ್ತೆ. ಅರ್ಧ ದಿನ ತಿನ್ನಲಿಲ್ಲ ಅಂದ್ರೇ ಡಾಕ್ಟರ ಹತ್ರ ಓಡಬೇಕು, ನಾಳೆ ನೋಡೋಣ ಅನ್ನೋ ಪ್ರಾಣಿ ಅಲ್ಲ.

ಒಣಹುಲ್ಲು ಅಂದ ತಕ್ಷಣ ನಾವೆಲ್ಲ ರಾಗಿ ಹುಲ್ಲಿನ ಮೆದೆ ಕಡೆ ತಿರುಗ್ತೀವಿ. ಅದಲ್ಲ. ರಾಗಿ ಹುಲ್ಲು ಕಾಳು ಕೊಟ್ಟು ಮುಗಿಸಿದ ಕಡ್ಡಿ. ಸತ್ವ ಕಮ್ಮಿ, ದಂಟು ಗಡುಸು, ಮುಖ ತೂರಿಸಿದ್ರೆ ಕಣ್ಣಿಗೆ ಚುಚ್ಚುತ್ತೆ. ಕಡಿಯೋಕೆ ಅಂತ ನಾಲ್ಕು ಎಳೆ ಹಾಕಿ, ಅದೇ ಊಟ ಬೇಡ. ಇದಕ್ಕೆ ಬೇಕಾದ್ದು ಹೂ ಕಟ್ಟೋ ಮೊದಲೇ ಕೊಯ್ದು, ಹಸಿರು ಬಣ್ಣ ಉಳಿಯೋ ಹಾಗೆ ಒಣಗಿಸಿದ ಹುಲ್ಲು. ಅಂಗಡೀಲಿ ಟಿಮೊತಿ ಅನ್ನೋ ಹುಲ್ಲು ಪ್ಯಾಕೆಟ್ ಸಿಗುತ್ತೆ, ಒಳ್ಳೇದೇ. ಆದ್ರೆ ಅದು ತಂಪು ಸೀಮೆ ಹುಲ್ಲು, ಬೇರೆ ದೇಶದಿಂದ ಬರ್ಬೇಕು. ಒಂದು ಕೆಜಿ ಪ್ಯಾಕೆಟ್ ದುಡ್ಡಿಗೆ ನಮ್ಮಲ್ಲಿ ಒಂದು ಹೊರೆ ಮೇವು ಬರುತ್ತೆ. ನಮ್ಮ ಬದುವಿನ ಗರಿಕೆ ಸಾಕು. ಹೊರದೇಶದಲ್ಲೂ ಇದೇ ಗರಿಕೆಯನ್ನ ಬರ್ಮುಡಾ ಹುಲ್ಲು ಅಂತ ಒಣಗಿಸಿ ಕುದುರೆಗೂ ಗಿನಿಪಿಗ್‌ಗೂ ಹಾಕ್ತಾರೆ. ಗಣಪನಿಗೂ ಗರಿಕೆ, ಅವನ ಇಲಿಯ ದೂರದ ನೆಂಟನಿಗೂ ಗರಿಕೆ. ಮೇವಿಗೆ ಹಾಕಿರೋ ಗಿನಿ ಹುಲ್ಲು, ರೋಡ್ಸ್ ಹುಲ್ಲು ಇದ್ರೆ ಅದೂ ಆಗುತ್ತೆ.

ಇಬ್ಬನಿ ಆರಿದ ಮೇಲೆ ಕೊಯ್ದು, ತೆಳ್ಳಗೆ ಹರಡಿ, ಎರಡು ಮೂರು ದಿನ ಮಗುಚಿ ಹಾಕಿದ್ರೆ ಮುಗೀತು. ಕೈಲಿ ಹಿಡಿದ್ರೆ ಸರಸರ ಅನ್ನಬೇಕು, ಟೀ ಪುಡಿ ಡಬ್ಬಿ ತೆಗೆದ ಹಾಗೆ ಘಮ ಬರಬೇಕು. ಮುಗ್ಗಲು ವಾಸನೆ, ಬೂಷ್ಟು, ಅಲ್ಲಾಡಿಸಿದ್ರೆ ಬೂದಿ ಹಾರೋದು, ಇವು ಕಂಡ್ರೆ ತಿಪ್ಪೆಗೆ ಹಾಕಿ, ದನಕ್ಕೂ ಬೇಡ. ಗೋಣಿಚೀಲದಲ್ಲಿ ತುಂಬಿ ತೂಗುಹಾಕಿ, ಪ್ಲಾಸ್ಟಿಕ್ ಚೀಲ ಬೆವರುತ್ತೆ.

ಇನ್ನೊಂದು. ಬದುವಿಗೆ ಕಳೆ ಔಷಧಿ ಹೊಡೆಯೋರು ನಮ್ಮಲ್ಲಿ ಜಾಸ್ತಿ ಆಗಿದ್ದಾರೆ. ಪಕ್ಕದ ಹೊಲದವರನ್ನ ಕೇಳಿ ಆಮೇಲೆ ಕೊಯ್ಯಿ. ಕಿಲೋ ಆಸುಪಾಸು ತೂಗೋ ಪ್ರಾಣಿ ಇದು. ಹಸು ತಡ್ಕೊಂಡಿದ್ದನ್ನ ಇದು ತಡ್ಕೊಳಲ್ಲ.

ಸೊಪ್ಪು ತರಕಾರಿ ದಿನಕ್ಕೆ ಒಂದಕ್ಕೆ ಒಂದು ಬಟ್ಟಲು. ಅದರಲ್ಲಿ ದಪ್ಪ ಮೆಣಸಿನಕಾಯಿ ತಪ್ಪದೆ ಇರಲಿ. ವಯಸ್ಸಿಗೆ ಬಂದ ಗಿನಿಪಿಗ್‌ಗೆ ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು. 100 ಗ್ರಾಂ ಹಸಿರು ದಪ್ಪ ಮೆಣಸಿನಕಾಯಲ್ಲಿ ಸುಮಾರು 80 ಇರುತ್ತೆ, ಅಂದ್ರೆ ಒಂದು ಕಾಯಿಯ ಕಾಲು ಭಾಗ ಹಾಕಿದ್ರೆ ದಿನದ ಲೆಕ್ಕ ಆಯ್ತು. ಕೊತ್ತಂಬರಿ ಸೊಪ್ಪು ಒಂದು ಹಿಡಿ, ಸೀಬೆಹಣ್ಣು ವಾರಕ್ಕೆ ಒಂದೆರಡು ಸಲ ಚೂರು. ವಿಟಮಿನ್ ಮಾತ್ರೆ ನೀರಿಗೆ ಹಾಕೋದು ಬೇಡ, ಬೇಗ ಶಕ್ತಿ ಹೋಗುತ್ತೆ, ರುಚಿ ಬದಲಾಗಿ ನೀರೇ ಕುಡಿಯಲ್ಲ. ನುಗ್ಗೆ ಸೊಪ್ಪು, ಹಿಪ್ಪುನೇರಳೆ ಸೊಪ್ಪು ಇಷ್ಟಪಟ್ಟು ತಿನ್ನುತ್ತೆ, ಆದ್ರೆ ಎರಡರಲ್ಲೂ ಸುಣ್ಣದಂಶ ಜಾಸ್ತಿ, ದಿನಾ ಹಾಕಿದ್ರೆ ಮೂತ್ರಚೀಲದಲ್ಲಿ ಕಲ್ಲು. ಲೂಸರ್ನೂ ಅಷ್ಟೇ, ಮರಿಗೆ, ಗಬ್ಬದ್ದಕ್ಕೆ ಸರಿ, ದೊಡ್ಡದಕ್ಕೆ ಬೇಡ. ಆಲೂಗಡ್ಡೆ, ಟೊಮೆಟೊ ಗಿಡದ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಲಂಟಾನ ಹತ್ರಾನೂ ಬಿಡಬೇಡಿ. ರಾಶಿ ಹಾಕಿ ಬಿಸಿಯಾದ ಹಸಿಹುಲ್ಲು ಹಾಕಿದ್ರೆ ಹೊಟ್ಟೆ ಉಬ್ಬರ ಬರುತ್ತೆ, ಅದು ನಿಮಗೆ ಹೇಳಬೇಕಾಗಿಲ್ಲ. ಗಿನಿಪಿಗ್ ಫೀಡೇ ಸಿಕ್ಕಿದ್ರೆ ದಿನಕ್ಕೆ ಒಂದೆರಡು ಚಮಚ ಸಾಕು. ತಯಾರಾದ ತಾರೀಖು ನೋಡಿ ತಗೊಳಿ, ಮೂರು ತಿಂಗಳು ದಾಟಿದ್ರೆ ಅದರಲ್ಲಿರೋ ವಿಟಮಿನ್ ಸಿ ನಂಬೋ ಹಾಗಿಲ್ಲ.

ಹಾಸಿಗೆ ವಿಚಾರದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ರೇಷ್ಮೆಹುಳು ಸಾಕಿದೋರಿಗೆ ಹಾಸಿಗೆ ಅಂದ್ರೆ ಏನು ಅಂತ ಪಾಠ ಬೇಕಾಗಿಲ್ಲ. ಹುಳುವಿನ ಹಿಪ್ಪೆ ತೆಗೆಯೋದು ಒಂದು ದಿನ ತಡ ಆದ್ರೆ ಮನೆ ವಾಸನೆಯೇ ಹೇಳುತ್ತೆ. ಇದೂ ಹಾಗೇ. ಗಂಜಲ ನೆನೆದ ಹಾಸಿಗೆಯಿಂದ ಏಳೋ ಘಾಟು ಇದರ ಮೂಗಿಗೆ ನಾಲ್ಕು ಬೆರಳು ದೂರ. ಇದರ ಶ್ವಾಸಕೋಶ ಸೂಕ್ಷ್ಮ, ಬೇಗ ನೆಗಡಿ ನ್ಯುಮೋನಿಯಾ ಹತ್ತುತ್ತೆ.

ಹಾಗಾದ್ರೆ ಏನು ಹಾಸೋದು? ಕೋಳಿ ಫಾರಂ ನೋಡಿದೋರು ಭತ್ತದ ಹೊಟ್ಟು ಅಂತಾರೆ. ಅದು ನೀರು ಹೀರಲ್ಲ, ತುದಿ ಚೂಪು, ಇದರ ಪಾದದಲ್ಲಿ ಕೂದಲಿಲ್ಲ, ಗಾಯ ಆಗುತ್ತೆ. ಸಾಮಿಲ್ಲಿನ ಹೊಟ್ಟು ಬರೀ ದೂಳು, ಯಾವ ಮರದ್ದು ಅಂತ ಅವರಿಗೇ ಗೊತ್ತಿರಲ್ಲ. ಘಮ ಬರೋ ದೇವದಾರು, ಹಸಿ ಪೈನ್ ಮರದ ಹೊಟ್ಟಂತೂ ಬೇಡವೇ ಬೇಡ, ಆ ಘಮವೇ ಉಸಿರಿಗೆ ತೊಂದರೆ. ನಮ್ಮ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯೋ ಕಡೆ ಚೀಲಗಟ್ಟಲೆ ಹೊಟ್ಟು ಸಿಗುತ್ತಲ್ಲ ಅಂತ ಒಬ್ಬರು ಕೇಳಿದ್ರು. ಹಾಲೆ ಮರ ಒಳ್ಳೇದಿರಬಹುದು, ಆದ್ರೆ ಅದರಲ್ಲಿ ಅರಗು, ಬಣ್ಣದ ಪುಡಿ ಸೇರಿರುತ್ತೆ. ಈ ಪ್ರಾಣಿ ಹಾಸಿಗೇನೂ ಅಷ್ಟಿಷ್ಟು ಕಡಿಯುತ್ತೆ, ನಾನಂತೂ ಹಾಕಲ್ಲ. ತೆಂಗಿನ ನಾರಿನ ಪುಡಿ ಒಣಗಿದ್ರೆ ದೂಳು, ನೆಂದ್ರೆ ಬೂಷ್ಟು. ಜಾಲರಿ ಮೇಲೆ ಬಿಟ್ರೆ ಪಾದ ಊದಿ ಹುಣ್ಣಾಗುತ್ತೆ.

ನಾನು ಮಾಡ್ಕೊಂಡಿರೋದು ಇಷ್ಟು. ಹಲಗೆಯಲ್ಲಿ ಆರಡಿ ಉದ್ದ, ಎರಡಡಿ ಅಗಲದ ಕಟ್ಟೆ. ತಳಕ್ಕೆ ನಾಲ್ಕು ಪದರ ಹಳೇ ಪೇಪರ್, ಮೇಲೆ ನಮ್ಮ ಮನೆಯವರ ಹಳೇ ಹತ್ತಿ ಸೀರೆ ಮಡಿಸಿ ಅಂಚು ಹೊಲಿದಿದ್ದು. ಅಂಚು ಹೊಲೀಲೇಬೇಕು, ನೂಲು ಬಿಟ್ರೆ ಬೆರಳಿಗೆ ಸುತ್ಕೊಳ್ಳುತ್ತೆ. ಗೋಣಿ ತಾಟು ಅದಕ್ಕೇ ಆಗಲ್ಲ. ಒಂದು ಮೂಲೇಲಿ ದಪ್ಪಗೆ ಗರಿಕೆ ಹುಲ್ಲು, ಅದು ಊಟವೂ ಹೌದು, ಅಡಗೋ ಜಾಗವೂ ಹೌದು. ತಿನ್ನುತ್ತಾ ಅಲ್ಲೇ ಹಿಕ್ಕೆ ಹಾಕೋದು ಇದರ ಸ್ವಭಾವ, ಹಾಗಾಗಿ ಮುಕ್ಕಾಲು ಗಲೀಜು ಒಂದೇ ಕಡೆ ಸಿಗುತ್ತೆ. ಆ ಮೂಲೆ ದಿನಾ, ಬಟ್ಟೆ ಎರಡು ದಿನಕ್ಕೊಮ್ಮೆ ಬದಲು. ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದ್ರೆ ಸಾಕು, ಘಮಘಮ ಸೋಪು ಬೇಡ. ಹುಳು ಮನೆಗೆ ಹೊಡೆಯೋ ಫಾರ್ಮಲಿನ್, ಬ್ಲೀಚಿಂಗ್ ಪುಡಿ ವಾಸನೆ ಇದರ ಹತ್ರ ಸುಳೀಬಾರದು. ಹುಳು ಜ್ವರಕ್ಕೆ ಕೂತಾಗ ಸುಣ್ಣ ಧೂಳೀಕರಿಸೋ ದಿನ ಕಟ್ಟೆನ ನಡುಮನೆಗೆ ಎತ್ತಿಟ್ಕೋತೀವಿ.

ಬೇಸಿಗೇಲಿ ಜೋಪಾನ. 28-29 ಡಿಗ್ರಿ ದಾಟಿದ್ರೆ ಇದಕ್ಕೆ ಆಗಲ್ಲ, ಬೆವರೋದು ಗೊತ್ತಿಲ್ಲ. ಶೀಟಿನ ಮನೆ ಬೇಡ, ಹೆಂಚಿನ ಮನೆ ನೆಲದ ತಂಪಲ್ಲಿ ಇಡಿ.

ತೆಗೆದ ಹಾಸಿಗೆ ಹುಲ್ಲು, ಹಿಕ್ಕೆ, ಪೇಪರ್ ಚೂರು ಎಲ್ಲಾ ಹಿಪ್ಪುನೇರಳೆ ತೋಟದ ಗುಂಡಿಗೆ ಹೋಗ್ತಿದೆ. ನಮ್ಮ ಕೆಳಗಿನ ಬದುವಿಗೆ ಎರಡು ವರ್ಷದಿಂದ ಯಾವ ಔಷಧಿನೂ ಹೊಡೆದಿಲ್ಲ, ಗರಿಕೆ ಚೆನ್ನಾಗಿದೆ. ಈ ಶನಿವಾರ ಬೆಳಿಗ್ಗೆ ಕೊಯ್ತೀನಿ, ಮಂಗಳವಾರದ ಹೊತ್ತಿಗೆ ಒಣಗಿರುತ್ತೆ. ಮನೇಲಿ ಗಿನಿಪಿಗ್ ಇರೋರು ಬಂದು ತಗೊಂಡು ಹೋಗಿ, ದುಡ್ಡೇನೂ ಬೇಡ, ಗೋಣಿಚೀಲ ಮಾತ್ರ ನೀವೇ ತನ್ನಿ.