ಊಟದೆಲೆಗೆ ಬಾರದ ನೇಂದ್ರ

ಡೊಂಬಿವಲಿ (ಪೂರ್ವ)



ಠಾಣೆಯಿಂದ ಕಲ್ಯಾಣದವರೆಗೂ, ನವಿ ಮುಂಬಯಿಯಲ್ಲೂ ನೆಲೆಸಿರುವ ಕರಾವಳಿ ಕನ್ನಡಿಗರ ಮನೆಗಳಲ್ಲಿ ನೇಂದ್ರ ಬಾಳೆಹಣ್ಣು ಬಹುಮಟ್ಟಿಗೆ ಸಂಜೆಯ ಚಹಾಕ್ಕೆ ಮೀಸಲು. ಊರಿನಿಂದ ಮತ್ಸ್ಯಗಂಧಾ ರೈಲಿನಲ್ಲಿ ಬಂದು ಠಾಣೆಯಲ್ಲಿ ಇಳಿಯುವವರ ಚೀಲದಲ್ಲಿ ಒಂದು ಚಿಪ್ಪು ಕಾಯಿ ಇದ್ದರೂ, ಇಲ್ಲಿನ ಕೇರಳದವರ ಅಂಗಡಿಯಿಂದಲೇ ಹಣ್ಣು ತಂದರೂ, ಅದು ಹಿಟ್ಟಿನಲ್ಲಿ ಅದ್ದಿ ಕರಿದ ಪೋಡಿಯಾಗುತ್ತದೆಯೇ ಹೊರತು ಅನ್ನ, ಸಾರಿನ ಪಕ್ಕದಲ್ಲಿ ಬಡಿಸುವ ವ್ಯಂಜನವಾಗುವುದು ಅಪರೂಪ.

ಈ ಸೀಮೆಯ ಮರಾಠಿ ಅಡುಗೆಯಲ್ಲಿ ಹಾಗಿಲ್ಲ. 2014ರವರೆಗೆ ಠಾಣೆ ಜಿಲ್ಲೆಗೇ ಸೇರಿದ್ದು ಈಗ ಪಾಲಘರ ಜಿಲ್ಲೆಗೆ ಹೋಗಿರುವ ವಸಯಿ ಭಾಗದಲ್ಲಿ ರಾಜೇಳಿ ಎಂಬ, ನೇಂದ್ರದಂತೆಯೇ ಉದ್ದನೆಯ, ಗಟ್ಟಿ ತಿರುಳಿನ ಬಾಳೆ ಬೆಳೆಯುತ್ತದೆ. ಅದರ ಹಣ್ಣನ್ನು ಸುಲಿದು ಹಲವು ದಿನ ಬಿಸಿಲಿನಲ್ಲಿ ಒಣಗಿಸಿದರೆ ಸುಕೇಳಿ ಎಂಬ ಕಂದು ಬಣ್ಣದ, ಜಿಗುಟಾದ ಒಣಹಣ್ಣು ಸಿದ್ಧವಾಗುತ್ತದೆ. ತಾಜಾ ರಾಜೇಳಿಯನ್ನು ದಪ್ಪ ಬಿಲ್ಲೆಗಳಾಗಿ ಹೆಚ್ಚಿ, ತುಪ್ಪದಲ್ಲಿ ಬಾಡಿಸಿ, ಬೆಲ್ಲ ಅಥವಾ ಸಕ್ಕರೆ, ತೆಂಗಿನತುರಿ, ಏಲಕ್ಕಿ ಸೇರಿಸಿ ಬೇಯಿಸಿದ ಸಿಹಿಯನ್ನು ಇಲ್ಲಿಯವರು ಪೋಳಿಯೊಂದಿಗೆ, ಅಂದರೆ ಚಪಾತಿಯೊಂದಿಗೆ, ಊಟದಲ್ಲಿಯೇ ತಿನ್ನುತ್ತಾರೆ.

ಇದಕ್ಕೆ ಹತ್ತಿರದ ನಂಟು ಇರುವುದು ಕೆರಿಬಿಯನ್ ಕಡಲಿನ ಡೊಮಿನಿಕನ್ ಗಣರಾಜ್ಯದಲ್ಲಿ. ಬಾಳೆ ಅಲ್ಲಿಯ ಮೂಲ ಬೆಳೆಯಲ್ಲ. 1516ರಲ್ಲಿ ತೊಮಾಸ್ ದೆ ಬೆರ್ಲಾಂಗ ಎಂಬ ಪಾದ್ರಿ ಕ್ಯಾನರಿ ದ್ವೀಪಗಳಿಂದ ಅದನ್ನು ಆ ಗಣರಾಜ್ಯವಿರುವ ದ್ವೀಪಕ್ಕೆ ಒಯ್ದನೆಂದು ಸ್ಪೇನಿನ ಚರಿತ್ರಕಾರ ಒವಿಯೆದೊ ದಾಖಲಿಸಿದ್ದಾನೆ. ಅನ್ನ, ಅವರೆಜಾತಿಯ ಕಾಳಿನ ಗೊಜ್ಜು, ಮಾಂಸ ಇರುವ ಅಲ್ಲಿನ ಮಧ್ಯಾಹ್ನದ ಊಟಕ್ಕೆ ಪ್ಲಾತನೋ ಮಾದುರೋ, ಅಂದರೆ ಚೆನ್ನಾಗಿ ಕಳಿತ ಅಡುಗೆಬಾಳೆಯನ್ನು ಹಿಟ್ಟಿಲ್ಲದೆ ಬರಿದೇ ಕರಿದು ಜೊತೆಗಿಡುತ್ತಾರೆ; ಇಲ್ಲವೇ ಕಾಲ್ದೆರೋ ಎಂಬ ದಪ್ಪ ತಳದ ಪಾತ್ರೆಯಲ್ಲಿ ಹಣ್ಣನ್ನು ಕೆಂಪಗೆ ಹುರಿದು, ಸಕ್ಕರೆ, ದಾಲ್ಚಿನ್ನಿ, ಸ್ವಲ್ಪ ನೀರು ಹಾಕಿ ಪಾಕ ಅಂಟುವವರೆಗೆ ಸಣ್ಣ ಉರಿಯಲ್ಲಿ ಇಡುತ್ತಾರೆ. ತೆಂಗಿನ ಬದಲಿಗೆ ದಾಲ್ಚಿನ್ನಿ ಬಂದಿತೆಂಬುದನ್ನು ಬಿಟ್ಟರೆ ರಾಜೇಳಿಯ ಅಡುಗೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಎರಡರಲ್ಲಿಯೂ ಕೈಗುಣಕ್ಕಿಂತ ಹಣ್ಣಿನ ಹದವೇ ಮುಖ್ಯ. ಕಳಿಯುತ್ತಾ ಹೋದಂತೆ ತಿರುಳಿನ ಪಿಷ್ಟ ಸಕ್ಕರೆಯಾಗುವುದರಿಂದ, ಸಿಪ್ಪೆ ಹಳದಿಯಿದ್ದಾಗಲೇ ಬಾಣಲೆಗೆ ಹಾಕಿದ ನೇಂದ್ರ ಹಿಟ್ಟುಹಿಟ್ಟಾಗಿಯೇ ಉಳಿಯುತ್ತದೆ. ಸಿಪ್ಪೆ ಅರೆಬರೆ ಕಪ್ಪಾಗಿ, ಒತ್ತಿದರೆ ಬೆರಳು ತುಸು ಒಳಗಿಳಿಯುವಂತಾದಾಗ ಅಂಚು ಕಂದಿ, ನಡುವೆ ಮೆತ್ತಗಾಗಿ, ಬಿಲ್ಲೆ ಮಾತ್ರ ಮುರಿಯದೆ ನಿಲ್ಲುತ್ತದೆ. ಉರಿ ಜೋರಾದರೆ ಆ ಸಕ್ಕರೆಯೇ ಒಳಗು ಬೇಯುವ ಮುನ್ನ ಹೊರಗೆ ಸೀದು ಕಹಿಯಾಗುತ್ತದೆ. ಏಲಕ್ಕಿ ಬಾಳೆಯಿಂದ ಇದು ಆಗದ ಕೆಲಸ. ಅದು ತುಪ್ಪದಲ್ಲಿ ಕರಗಿ ಹಲ್ವದ ದಾರಿ ಹಿಡಿಯುತ್ತದೆ.

ಪೋಡಿಯ ಹಿಟ್ಟು ಹಣ್ಣಿನ ರುಚಿಯನ್ನು ಮುಚ್ಚಿಬಿಡುತ್ತದೆ ಎಂಬ ಮಾತನ್ನು ಊರಿನವರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೂ ಖಾರದ ಸಾರಿನ ಮಗ್ಗುಲಿಗೆ ಹೀಗೆ ಬಾಡಿಸಿದ ನಾಲ್ಕು ಬಿಲ್ಲೆಗಳನ್ನು ಇಟ್ಟರೆ ಉಪ್ಪಿನಕಾಯಿಯ ನೆನಪಾಗುವುದಿಲ್ಲ. ಮುಂದಿನ ಗೊನೆ ಕಡಿದಾಗ ಒಂದು ಚಿಪ್ಪನ್ನು ಕಪ್ಪಾಗುವವರೆಗೆ ಅಟ್ಟದಲ್ಲಿಯೇ ಬಿಟ್ಟು ನೋಡಬಹುದು.