ಗಾಜಿನ ಗೋಡೆ, ಗಲ್ಲಿಯ ಗೋಡೆ

ಓದಲೆಂದು ಪರದೇಶಕ್ಕೆ ಹೋದವರಿಗೆ ಪ್ರವಾಸಿಗಳಿಗಿಲ್ಲದ ಒಂದು ಭಾಗ್ಯವಿದೆ. ಅವರು ಅಲ್ಲಿನ ಕಲೆಯನ್ನು ಒಂದೇ ಸಲಕ್ಕೆ ನೋಡಿ ಮುಗಿಸಬೇಕಾಗಿಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಈ ಭಾಗ್ಯದ ಸವಿ ಇನ್ನೂ ಹೆಚ್ಚು. ಫ್ಲಿಂಡರ್ಸ್ ಬೀದಿಯ ಒಂದು ಬದಿಯಲ್ಲಿ, 1861ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯ ಎಂಬ ಕಲಾಸಂಗ್ರಹಾಲಯದ ಒಂದು ಕಟ್ಟಡವಿದ್ದರೆ, ರಸ್ತೆ ದಾಟಿದೊಡನೆ ಬೀದಿಚಿತ್ರಗಳಿಗೆ ಹೆಸರಾದ ಹೋಸಿಯರ್ ಲೇನ್ ಎಂಬ ಕಲ್ಲುಹಾಸಿನ ಗಲ್ಲಿ ಎದುರಾಗುತ್ತದೆ.

ಇದೇ ಸಂಗ್ರಹಾಲಯದ ಇನ್ನೊಂದು ಕಟ್ಟಡವು ಯಾರಾ ನದಿಯ ಆಚೆಗೆ, ಸೇಂಟ್ ಕಿಲ್ಡಾ ರಸ್ತೆಯಲ್ಲಿದೆ. ರಾಯ್ ಗ್ರೌಂಡ್ಸ್ ವಿನ್ಯಾಸಗೊಳಿಸಿದ, 1968ರಲ್ಲಿ ತೆರೆದ ಈ ಕಟ್ಟಡದ ಮುಂಭಾಗದಲ್ಲಿ ನೀರು ಸದಾ ಇಳಿಯುತ್ತಿರುವ ಗಾಜಿನ ಗೋಡೆಯಿದ್ದು, ಒಳಗಿನ ವಿಶಾಲ ಸಭಾಂಗಣಕ್ಕೆ ಲಿಯೊನಾರ್ಡ್ ಫ್ರೆಂಚ್ ರೂಪಿಸಿದ ಬಣ್ಣದ ಗಾಜಿನ ಚಾವಣಿಯಿದೆ. ಅದನ್ನು ನೋಡಲು ಜನರು ಸಂಕೋಚವಿಲ್ಲದೆ ನೆಲದ ಮೇಲೆ ಅಂಗಾತ ಮಲಗುತ್ತಾರೆ. ಇಲ್ಲಿರುವ, ಚಿತ್ರಕಾರ ತಿಯೆಪೊಲೊನ ‘ಕ್ಲಿಯೋಪಾತ್ರಳ ಔತಣ’ವು 1740ರ ದಶಕದ ಇಟಲಿಯ ಕೃತಿ; ಸೋವಿಯತ್ ಸರ್ಕಾರ ತನ್ನ ಹರ್ಮಿಟಾಜ್ ವಸ್ತುಸಂಗ್ರಹಾಲಯದ ಸಂಗ್ರಹದಿಂದ ಮಾರಿದಾಗ, 1933ರಲ್ಲಿ, ಮೆಲ್ಬರ್ನ್ ಅದನ್ನು ಕೊಂಡಿತು. ಮೊದಲ ನೋಟಕ್ಕೆ ಕಂಬಗಳು, ರೇಷ್ಮೆ, ಪರಿಚಾರಕರ ಸಂದಣಿಯೇ ಕಣ್ಣು ತುಂಬುತ್ತವೆ. ಕಥೆಯ ತಿರುಳಾದ ಮುತ್ತು, ಅಂದರೆ ಅತಿ ದುಬಾರಿ ಊಟದ ಪಣ ಗೆಲ್ಲಲು ರಾಣಿಯು ವಿನಿಗರ್ ಲೋಟದಲ್ಲಿ ಕರಗಿಸಲಿರುವ ಮುತ್ತು, ಆ ಬೃಹತ್ ಪಟದಲ್ಲಿ ಒಂದು ಸಣ್ಣ ಬಿಳಿ ಚುಕ್ಕೆಯಷ್ಟೇ. ಅದು ಸಿಗುವುದು ತಾಳ್ಮೆಯಿಂದ ನಿಂತು ನೋಡುವವರಿಗೆ.

ಹೋಸಿಯರ್ ಲೇನ್ ಬೇರೆ ಬಗೆಯ ತಾಳ್ಮೆಯನ್ನು ಬೇಡುತ್ತದೆ. ಆಕಾರವನ್ನು ಕತ್ತರಿಸಿ ತೆಗೆದ ಹಾಳೆಯ ಮೂಲಕ ಬಣ್ಣವನ್ನು ಸಿಂಪಡಿಸುವ ಸ್ಟೆನ್ಸಿಲ್, ಮೊದಲೇ ಬರೆದ ಕಾಗದವನ್ನು ಅಂಟಿನಿಂದ ಹಚ್ಚುವ ಪೇಸ್ಟ್-ಅಪ್, ಬರೆದವನ ಸಹಿಯಷ್ಟೇ ಆಗಿರುವ ಟ್ಯಾಗ್, ಇವೆಲ್ಲವೂ ಒಂದರ ಮೇಲೊಂದು ಏರಿ ಕುಳಿತಿರುವ ಆ ಗೋಡೆಗಳಲ್ಲಿ ಎಲ್ಲಾದರೂ ಚಕ್ಕೆ ಎದ್ದ ಅಂಚನ್ನು ಹತ್ತಿರದಿಂದ ನೋಡಿದರೆ ಹಸಿರು, ಬೆಳ್ಳಿ, ಕಪ್ಪು, ಮತ್ತೆ ಹಸಿರು ಎಂದು ಪದರ ಪದರವಾಗಿ ಹಿಂದಿನ ಚಿತ್ರಗಳು ಇಣುಕುತ್ತವೆ. ಮನೆಯ ಮುಂದೆ ನಿತ್ಯವೂ ರಂಗೋಲಿ ಅಳಿದು ಮತ್ತೆ ಮೂಡುವುದನ್ನು ಕಂಡು ಬೆಳೆದ ಕನ್ನಡದ ವಿದ್ಯಾರ್ಥಿಗೆ, ಅಳಿಯುವುದಕ್ಕೆಂದೇ ಬರೆದದ್ದೂ ಕಲೆಯೆಂದು ಯಾರೂ ವಾದಿಸಿ ತೋರಿಸಬೇಕಾಗಿಲ್ಲ. ಇಲ್ಲಿ ಹೆಸರಾಂತ ಬೀದಿಕಲಾವಿದ ಬ್ಯಾಂಕ್ಸಿಯ ಪ್ಯಾರಾಚೂಟ್ ಇಲಿಯ ಚಿತ್ರವನ್ನೂ 2010ರಲ್ಲಿ ನಗರಪಾಲಿಕೆಯ ಕೆಲಸಗಾರರು ತಿಳಿಯದೆ ಬಣ್ಣ ಬಳಿದು ಮುಚ್ಚಿದರು.

ಸಂಗ್ರಹಾಲಯದ್ದು ಉಳಿಯುತ್ತದೆ, ಬೀದಿಯದು ಅಳಿಯುತ್ತದೆ ಎಂಬ ಸುಲಭದ ವಿಂಗಡಣೆಯನ್ನು ನ್ಯೂಯಾರ್ಕಿನ ಕಲಾವಿದ ಕೀತ್ ಹೇರಿಂಗ್ ಇದೇ ನಗರದಲ್ಲಿ ತಲೆಕೆಳಗು ಮಾಡಿದ್ದಾನೆ. 1984ರಲ್ಲಿ ಬಂದ ಅವನು ಗ್ಯಾಲರಿಯ ಆ ನೀರಿನ ಗೋಡೆಯ ಗಾಜಿನ ಮೇಲೆ ಬರೆದ ಚಿತ್ರವು, ಯಾರೋ ಗಾಜು ಒಡೆದದ್ದರಿಂದ, ಅಲ್ಪಕಾಲದಲ್ಲೇ ಇಲ್ಲವಾಯಿತು. ಆದರೆ ಕಾಲಿಂಗ್‌ವುಡ್ ಬಡಾವಣೆಯ ಜಾನ್ಸ್‌ಟನ್ ಬೀದಿಯ ತಾಂತ್ರಿಕ ಶಾಲೆಯೊಂದರ ಹೊರಗೋಡೆಯ ಮೇಲೆ ಅವನು ಬರೆದ, ಕಂಪ್ಯೂಟರ್ ತಲೆಯುಳ್ಳ ದೈತ್ಯ ಕಂಬಳಿಹುಳುವಿನ ಚಿತ್ರವು ಇಂದಿಗೂ ಇದೆ. ಬಿಸಿಲು ಮಳೆಗಳಿಗೆ ಮಾಸಿದ್ದ ಅದನ್ನು 2013ರಲ್ಲಿ ಸಂರಕ್ಷಿಸುವ ಮುನ್ನ, ಹೊಸದಾಗಿ ಬಣ್ಣ ಬಳಿಯಬೇಕೋ ಕಲಾವಿದನ ಕೈಯ ಗೆರೆಯನ್ನಷ್ಟೇ ಕಾಪಾಡಬೇಕೋ ಎಂಬ ದೀರ್ಘ ಚರ್ಚೆ ನಡೆದು, ಕೊನೆಗೆ ಮೂಲ ಗೆರೆಯನ್ನೇ ಉಳಿಸಿಕೊಳ್ಳಲಾಯಿತು. ಅದೇ ಸರಿಯಾದ ನಿರ್ಧಾರ. ಮೇಲಿನಿಂದ ಕೆಳಗೆ ಅಳುಕಿಲ್ಲದೆ ಎಳೆದ ಆ ಗೆರೆಯ ಓಟವನ್ನು ಇನ್ನೊಬ್ಬರ ಕುಂಚ ಮತ್ತೆ ತರಲಾರದು.

ಗಲ್ಲಿಯಲ್ಲಿರುವುದೆಲ್ಲ ಶ್ರೇಷ್ಠವಲ್ಲ, ಒಳ್ಳೆಯ ಚಿತ್ರದ ಮೇಲೆ ಅವಸರದ ಟ್ಯಾಗ್ ಬಿದ್ದದ್ದನ್ನು ಕಂಡಾಗ ನೋವಾಗುವುದೂ ನಿಜ; ಆದರೂ ಯಾವ ಗೆರೆಗೆ ಹಿಡಿತವಿದೆ, ಯಾವುದಕ್ಕಿಲ್ಲ ಎಂಬ ವಿವೇಚನೆಯು ಒಳಗಿನ ಪಟಗಳನ್ನೂ ಹೊರಗಿನ ಗೋಡೆಗಳನ್ನೂ ಒಟ್ಟಿಗೆ ನೋಡುತ್ತಿದ್ದಾಗಲೇ ಹದಗೊಳ್ಳುತ್ತದೆ. ಗ್ಯಾಲರಿಯ ಕಾಯಂ ಸಂಗ್ರಹಕ್ಕೆ ಪ್ರವೇಶಶುಲ್ಕವಿಲ್ಲ, ಗಲ್ಲಿಗೆ ಬಾಗಿಲೇ ಇಲ್ಲ. ಮೆಲ್ಬರ್ನಿಗೆ ಓದಲು ಹೊರಟವರು ಇವನ್ನು ಪದವಿಯ ಕೊನೆಯ ವಾರಕ್ಕೆಂದು ಎತ್ತಿಡದೆ, ಊರಿಗೆ ಕಾಲಿಟ್ಟ ಮೊದಲ ವಾರದಲ್ಲೇ ನೋಡಲು ಆರಂಭಿಸಬೇಕು.