ಅಣುವಿನ ಸರಾಸರಿ ಬ್ಯಾಲೆನ್ಸ್

ನಾನು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವ. ರಸಾಯನಶಾಸ್ತ್ರ ನನಗೆ ದೂರದ ಮಾತು. ಆದರೆ ಹುಬ್ಬಳ್ಳಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರು ಕಿಡ್ನಿ ಕಸಿಯಾದ ಮೇಲೆ ದಿನಕ್ಕೆ ಎರಡು ಸಲ ಸೈಕ್ಲೋಸ್ಪೋರಿನ್ ಎಂಬ ಗುಳಿಗೆ ನುಂಗುತ್ತಾರೆ. ಹೊಸ ಕಿಡ್ನಿಯನ್ನು ದೇಹ ‘ಇದು ನಮ್ಮದಲ್ಲ’ ಎಂದು ತಿರಸ್ಕರಿಸದಂತೆ ಅದು ಕಾಯುತ್ತದೆ. ಇಷ್ಟು ಸಣ್ಣ ಗುಳಿಗೆಗೆ ಇಷ್ಟು ದೊಡ್ಡ ಕೆಲಸ ಹೇಗೆ ಸಾಧ್ಯ? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವ ಮೊಮ್ಮಗಳನ್ನು ಕೇಳಿದೆ.

“ಅಜ್ಜಾ, ಅದರ ಅಣು ಒಂದ ಆಕಾರದಾಗ ಕೂಡೂದಿಲ್ಲ. ಎಲ್ಲಿ ಹೋಗ್ತದೋ ಅಲ್ಲಿಗೆ ತಕ್ಕಂಗ ಮೈ ಮಡಚ್ತದ” ಅಂದಳು.

ಮಕ್ಕಳೇ, ಸೈಕಲ್ ಚೈನನ್ನು ಕೈಯಲ್ಲಿ ಹಿಡಿದು ನೋಡಿ. ಕೊಂಡಿಗಳು ಅವೇ, ಆಕಾರ ಮಾತ್ರ ಹಲವು. ಸೈಕ್ಲೋಸ್ಪೋರಿನ್ ಕೂಡ 11 ಅಮೈನೋ ಆಮ್ಲಗಳ ಒಂದು ಉಂಗುರ. ಇಂಥ ಬಳುಕುವ ಅಣುಗಳ ಆಕಾರ ತಿಳಿಯಲು ಎನ್‌ಎಂಆರ್ ಎಂಬ ಯಂತ್ರವಿದೆ. ದವಾಖಾನೆಯ ಎಂಆರ್‌ಐ ಕೂಡ ಇದೇ ತತ್ವದ್ದು. ಅಣುವನ್ನು ದ್ರವದಲ್ಲಿ ಕರಗಿಸಿ, ಸಣ್ಣ ಗಾಜಿನ ನಳಿಕೆಯಲ್ಲಿ ತುಂಬಿ, ಬಲವಾದ ಅಯಸ್ಕಾಂತದೊಳಗೆ ಇಳಿಸುತ್ತಾರೆ. ರೇಡಿಯೋ ಅಲೆ ಬಿಟ್ಟಾಗ ಹೈಡ್ರೋಜನ್ ಪರಮಾಣುಗಳು ಮರುದನಿ ಕೊಡುತ್ತವೆ. ಯಾವುದು ಯಾವುದರ ಹತ್ತಿರವಿದೆ, ಕೊಂಡಿ ಎಷ್ಟು ತಿರುಗಿದೆ ಎಂಬುದು ಅದರಿಂದ ತಿಳಿಯುತ್ತದೆ.

ಒಂದೇ ತೊಡಕು. ಹಲವು ಕೊಂಡಿಗಳು ಸೆಕೆಂಡಿಗೆ ಕೋಟಿಗಟ್ಟಲೆ ಸಲ ತಿರುಗುತ್ತವೆ. ಅಷ್ಟು ವೇಗವನ್ನು ಯಂತ್ರ ಬಿಡಿಬಿಡಿಯಾಗಿ ಹಿಡಿಯಲಾರದು; ಸರಾಸರಿ ಕೊಡುತ್ತದೆ. ಈ ಮಾತು ನನಗೆ ತಟ್ಟನೆ ಹಿಡಿಸಿತು. ಒಂದು ಖಾತೆಯಲ್ಲಿ ಅರ್ಧ ತಿಂಗಳು 12,000 ರೂಪಾಯಿ, ಉಳಿದರ್ಧ 2,000 ಇತ್ತೆನ್ನಿ. ಸರಾಸರಿ ಬ್ಯಾಲೆನ್ಸ್ 7,000. ಆದರೆ ಆ ಖಾತೆಯಲ್ಲಿ 7,000 ಒಂದು ದಿನವೂ ಇರಲಿಲ್ಲ! ಅಣುವಿನ ಲೆಕ್ಕವೂ ಹೀಗೇ. ಒಂದು ಭಂಗಿಯ ಅಳತೆ 12, ಇನ್ನೊಂದರದು 2 ಇದ್ದು, ಯಂತ್ರ 7 ತೋರಿಸಿದರೆ ಅಣು ಎರಡರಲ್ಲೂ ಸಮಸಮ ಹೊತ್ತು ಕಳೆಯುತ್ತಿರಬಹುದು. 7ಕ್ಕೆ ಹೊಂದುವ ಒಂದೇ ಚಿತ್ರ ಬರೆದರೆ, ಇಲ್ಲದ ಆಕಾರವನ್ನು ಬರೆದಂತೆ. ಕೆಲವು ಅಣುಗಳನ್ನು ತಣ್ಣಗೆ ಮಾಡಿದರೆ ಓಟ ನಿಧಾನವಾಗಿ, ಭಂಗಿಗಳು ಬೇರೆಬೇರೆಯಾಗಿ ಕಾಣುತ್ತವೆ.

1990ರ ಸುಮಾರಿಗೆ ಈ ವಿಧಾನದಿಂದ ತಿಳಿದ ಸಂಗತಿ ಕೇಳಿ: ಕ್ಲೋರೋಫಾರಂನಲ್ಲಿ ಕರಗಿದ ಸೈಕ್ಲೋಸ್ಪೋರಿನ್‌ನ ಆಕಾರವೇ ಬೇರೆ, ದೇಹದ ಪ್ರೋಟೀನನ್ನು ಅಪ್ಪಿಕೊಂಡಾಗಿನ ಆಕಾರವೇ ಬೇರೆ! ಪ್ರೋಟೀನ್‌ಗಳ ಆಕಾರವನ್ನು ದ್ರಾವಣದಲ್ಲೇ ಕಂಡುಹಿಡಿಯುವ ದಾರಿ ತೋರಿದ ಸ್ವಿಟ್ಜರ್ಲೆಂಡಿನ ಕುರ್ಟ್ ವುಥ್ರಿಚ್ ಅವರಿಗೆ 2002ರಲ್ಲಿ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರು ಪೆಪ್ಟೈಡ್ ಎಂಬ ಕಿರುಸರಪಳಿಗಳ ಭಂಗಿಗಳನ್ನು ಎನ್‌ಎಂಆರ್‌ನಿಂದ ದಶಕಗಳ ಕಾಲ ಅಭ್ಯಾಸ ಮಾಡಿದರು.

ಹೊಸ ಔಷಧ ಹುಡುಕುವವರಿಗೆ ಅಣುವಿನ ಯಾವ ಭಂಗಿ, ಎಷ್ಟು ಹೊತ್ತು ಎಂಬ ಲೆಕ್ಕ ಬೇಕೇ ಬೇಕು. ನೀವೂ ಅಷ್ಟೇ, ಮಕ್ಕಳೇ. ಯಾರಾದರೂ ಸರಾಸರಿ ಹೇಳಿದರೆ ತಲೆಯಾಡಿಸಿ ಸುಮ್ಮನಾಗಬೇಡಿ. ಅದರ ಹಿಂದಿನ ದಿನದಿನದ ಲೆಕ್ಕ ಕೇಳಿ.